ಹೊತ್ತು ಮುಳುಗುವವರೆಗೆ ಕೆಂಡವಿಲ್ಲ

ನಾಪ್ಲಾ ಬೆಳಗ್ಗೆ ಎದ್ದು ಬೂದಿ ಕೆದಕಿದರೆ ಕೆಳಗೆ ಕೆಂಡದ ಬದಲು ಕೆಸರು ಸಿಕ್ಕಿತು. ಮಾಡಿಗೆ ಹೊಸ ಹುಲ್ಲು ಹೊದಿಸಬೇಕಾದ ಕಾಲಕ್ಕೇ ಗಂಡ ಕೋಲ್ಮನ್ ಹಾಸಿಗೆ ಹಿಡಿದಿದ್ದ. ರಾತ್ರಿಯ ಮಳೆ ಕೊಳೆತ ಹುಲ್ಲು ಸೀಳಿಕೊಂಡು ನೇರ ಒಲೆಯ ಮೇಲೇ ಸುರಿದಿತ್ತು. ಅವಳ ಅತ್ತೆಯ ಅತ್ತೆ ಹಚ್ಚಿ, ಅಂದಿನಿಂದ ಆರದೆ ಬಂದ ಬೆಂಕಿ ಅದು. ಚಕಮಕಿ ಕಲ್ಲು ಬಡಿದೂ ಬಡಿದೂ ಬೆರಳು ಸುಲಿಯಿತು. ಕಿಡಿಯೇನೋ ಹಾರಿತು, ಒದ್ದೆ ನಾರು ಹಿಡಿಯಲಿಲ್ಲ.

ಮಂಚದಲ್ಲಿ ಕೋಲ್ಮನ್ ಗಡಗಡ ನಡುಗುತ್ತಿದ್ದ. "ಬಿಸಿಯಾಗಿ ಏನಾದ್ರೂ ಕೊಡೇ," ಅಂದ.

"ಕೊಡ್ತೀನಿ, ಸ್ವಲ್ಪ ತಾಳ್ಕೊಳಿ."

ಕೆಂಡ ತರಲು ಮಡಕೆ ಹಿಡಿದು ಓಡಿದಳು. ಮನೆಮನೆಯ ಹೊಸಿಲ ಮೇಲೆ ಹಳದಿ ಹೂ ಚೆಲ್ಲಿದ್ದು ಕಂಡಾಗಲೇ ಇವತ್ತು ಮೇ ಒಂದು ಎಂದು ಹೊಳೆದದ್ದು. ಈ ದಿನ ಹೊತ್ತು ಮುಳುಗುವ ಮುಂಚೆ ಮನೆಯಿಂದ ಬೆಂಕಿ ಹೊರಗೆ ಹೋದರೆ ವರ್ಷದ ಹಾಲು, ಬೆಣ್ಣೆ ಎಲ್ಲ ಅದರ ಹಿಂದೆಯೇ ಹೋಗುತ್ತದೆ. ಪಡುವಣ ಐರ್ಲೆಂಡಿನಲ್ಲಿ ಇದು ಗೊತ್ತಿಲ್ಲದವರಿಲ್ಲ. ಆದರೂ ಹೋದಳು.

ಪಕ್ಕದ ಮನೆಯ ಗೊಬ್ನೆಟ್ ಅರೆಬಾಗಿಲ ಮೇಲೆ ಮೊಣಕೈಯೂರಿ ನಿಂತಿದ್ದಳು. ಮಡಕೆ ನೋಡಿದ್ದೇ ಅಗುಳಿ ಹಾಕಿಕೊಂಡಳು.

"ತಲೆ ಕೆಟ್ಟಿದ್ಯೇನೇ ನಿಂಗೆ? ಇವತ್ತೇ ಬರ್ಬೇಕಿತ್ತಾ?"

"ಒಂದೇ ಒಂದು ಕೆಂಡ ಅಕ್ಕಾ. ಅವ್ರು ಚಳೀಲಿ ಹೋಗ್ಬಿಡ್ತಾರೆ."

"ಇಲ್ಲಿಗೇ ಕರ್ಕೊಂಡ್ ಬಾ. ನನ್ನ ಒಲೆ ಮುಂದೇನೇ ಮಲಗ್ಸು, ನಾ ಬೇಡ ಅಂದ್ನಾ?"

"ಎತ್ತಿದ್ರೆ ಉಸಿರು ಕಟ್ಟುತ್ತೆ. ನಿನ್ನೆ ಮಗ್ಗಲು ತಿರುಗ್ಸಿದ್ದಕ್ಕೇ ತುಟಿ ನೀಲಿಯಾಯ್ತು."

ಗೊಬ್ನೆಟ್ ತನ್ನ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಹಾಲೂ ಕೊಡೋ ಹಾಗಿಲ್ಲ ಕಣೇ ಇವತ್ತು. ಮನೆ ತುಂಬ ಮಕ್ಳು, ಇರೋದೊಂದು ಹಸು. ನೀನಾಗಿದ್ರೆ ಕೊಡ್ತಿದ್ಯಾ? ಎದೆ ಮುಟ್ಕೊಂಡು ಹೇಳು."

ನಾಪ್ಲಾಳೂ ಕೊಡುತ್ತಿರಲಿಲ್ಲ.

"ಹೊತ್ತು ಮುಳುಗ್ಲಿ, ನಾನೇ ತರ್ತೀನಿ," ಅಂದಳು ಗೊಬ್ನೆಟ್.

ಮುಂದಿನ ಮನೆಯ ಮುದುಕನಂತೂ, "ಬೆಣ್ಣೆ ಕದಿಯೋಳು ಹಾಡಹಗಲೇ ಬಂದ್ಲು ನೋಡ್ರೋ!" ಎಂದು ಕೂಗಿ ಧಡಾರನೆ ಬಾಗಿಲು ಮುಚ್ಚಿಕೊಂಡ.

ಬರಿ ಮಡಕೆಯೊಂದಿಗೆ ಮರಳಿದ ನಾಪ್ಲಾ, ಮನೆಯ ಕೆಳತುದಿಯಲ್ಲಿ ಕಟ್ಟಿದ್ದ ಗಬ್ಬದ ಹಸುವನ್ನು ಬಿಚ್ಚಿ ಮಂಚಕ್ಕೆ ಒತ್ತಿ ನಿಲ್ಲಿಸಿದಳು. ಕೆಚ್ಚಲಲ್ಲಿ ಹನಿ ಹಾಲಿಲ್ಲ, ಮೈಯಾದರೂ ಬೆಚ್ಚಗಿತ್ತು. ಗಂಡನ ಕೈಗಳನ್ನು ಅದರ ಹೊಟ್ಟೆಗೆ ಒತ್ತಿ ಹಿಡಿದಳು.

"ಬೆಂಕಿ ಹತ್ತಿತೇನೇ?"

"ಗೊಬ್ನೆಟ್ ತರ್ತಾಳೆ. ಸಂಜೆಗೆ."

"ಸಂಜೆ ಆಗಿಲ್ವಾ ಇನ್ನೂ?"

ಬಿಸಿಲು ಇನ್ನೂ ಹೊಸಿಲು ಮುಟ್ಟಿರಲಿಲ್ಲ. "ಆಗ್ತಾ ಬಂತು," ಅಂದಳು.

ಹಸು ಹಸಿದು ಬಾಗಿಲತ್ತ ಎಳೆಯತೊಡಗಿತು. ಅವಳು ಎರಡೂ ಕೈಯಿಂದ ಹಗ್ಗ ಜಗ್ಗಿ ನಿಂತಳು. ಕೋಲ್ಮನ್‌ನ ಕೈಗಳು ಜಾರಿ ಮಂಚದಿಂದ ಕೆಳಗೆ ಇಳಿಬಿದ್ದವು. ಎತ್ತಿಡಲು ಅವಳಿಗೆ ಕೈ ಬಿಡುವಿರಲಿಲ್ಲ.