ಗಂಟಲು ಸರಿಮಾಡಿಕೊಂಡದ್ದು

ಗರಗಸ ಎಂಬ ಹೆಸರನ್ನು ಆ ಬ್ಯಾಂಡಿನವರು ತಾವಾಗಿ ಇಟ್ಟುಕೊಂಡದ್ದಲ್ಲ. ಮೇಲಿನ ಮಹಡಿಯ ದರ್ಜಿ ‘ದಿನಾ ಸಂಜೆ ಇದೇನ್ರಪ್ಪ ಗರಗಸ’ ಎಂದು ಬೈದದ್ದನ್ನೇ ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದರು. ರಾಗ, ಇಂಪು ಇವೆಲ್ಲ ಊರವರಿಗಿರಲಿ, ನಮಗೆ ಸದ್ದು ಸಾಕು ಎನ್ನುವ ಜನ. ಅದನ್ನೂ ದುಡ್ಡು ಕೊಟ್ಟು ಕೇಳುವವರಿದ್ದರು ಅನ್ನಿ, ಲೋಕೋ ಭಿನ್ನರುಚಿಃ.

ಇದ್ದವರು ಮೂವರೇ. ಡ್ರಮ್ ಬಾರಿಸುವ ಬಡಿಗ, ಬೇಸ್ ನುಡಿಸುವ ಅವನ ತಂಗಿ, ಮತ್ತು ಗಿಟಾರಿನ ಪುಟ್ಟ. ಪುಟ್ಟನಿಗೆ ಮೂವತ್ತು ದಾಟಿತ್ತು, ಎದೆಯವರೆಗೆ ಗಡ್ಡವಿತ್ತು. ಆದರೆ ಮನೆಯಲ್ಲಿ ಕರೆದ ಹೆಸರು ಗಡ್ಡಕ್ಕೆ ಹೆದರಿ ಓಡಿಹೋಗುವುದಿಲ್ಲವಲ್ಲ.

ಈ ಸಲದ ಆಲ್ಬಮ್ಮಿಗೆ ಹೊರಗಿನವರನ್ನು ಸೇರಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಒಂದೊಂದು ಹಾಡಿಗೆ ಬೇರೆ ಬೇರೆ ಬಗೆಯ ಸಂಗೀತದ ಒಬ್ಬೊಬ್ಬ ಅತಿಥಿ. ರ‍್ಯಾಪ್ ಹಾಡುವವನೊಬ್ಬ ಒಪ್ಪಿದ, ಸರ್ಕಸ್ಸಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಮುದುಕನೂ ಒಪ್ಪಿದ. ಇನ್ನೊಬ್ಬರು ಬೇಕಿತ್ತು. ‘ನಮ್ಮ ದೊಡ್ಡಮ್ಮ ಸಿನಿಮಾಕ್ಕೆ ಹಾಡ್ತಿದ್ಲು’ ಎಂದು ಪುಟ್ಟ ಬಾಯಿ ಬಿಟ್ಟ.

ಹಾಡುತ್ತಿದ್ದದ್ದು ನಿಜ, ಆದರೆ ಕೋರಸ್ಸಿನಲ್ಲಿ. ಮುಖ್ಯ ಗಾಯಕಿ ಉಸಿರು ತೆಗೆದುಕೊಳ್ಳುವಾಗ ಹಿಂದಿನಿಂದ ‘ಆ...’ ಎನ್ನುವ ಹೆಂಗಸರಲ್ಲಿ ಅವಳೂ ಒಬ್ಬಳು. ಗುಂಪಿನಲ್ಲಿ ಗೋವಿಂದ. ಎಷ್ಟೋ ಚಿತ್ರಗಳಿಗೆ ಹಾಡಿದಳು, ಒಂದರಲ್ಲೂ ಹೆಸರು ಬರಲಿಲ್ಲ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಪುಟ್ಟ ಶಾಲೆ ಮುಗಿಸಿ ಹೋಗುತ್ತಿದ್ದದ್ದು ಅವಳ ಮನೆಗೇ. ಶ್ರುತಿ ಎಂದರೇನು ಎಂಬುದನ್ನು ಅವನು ಕಲಿತದ್ದು ಅವಳ ಅಡುಗೆಮನೆಯಲ್ಲಿ. ಮುಂದೆ ಅದನ್ನು ಮರೆಯಲು ಸಾಕಷ್ಟು ಕಷ್ಟಪಟ್ಟ.

ಫೋನಿನಲ್ಲಿ ಅವಳು ಮೊದಲು ಕೇಳಿದ್ದು ಒಂದೇ. “ಒಬ್ಬಳೇ ಹಾಡೋದಾ?”

“ಒಬ್ಬಳೇ ದೊಡ್ಡಮ್ಮ. ಹಿಂದೆ ನಾವಿರ್ತೀವಿ.”

“ಹಾಡು ಪೂರ್ತಿ ಇರುತ್ತಾ? ಮಧ್ಯೆ ಕತ್ತರಿಸೋದಿಲ್ವಾ?”

“ಪೂರ್ತಿ ಇರುತ್ತೆ. ನಾನಿದ್ದೀನಲ್ಲ.”

ಅವಳು ಸ್ವಂತವಾಗಿ ಒಂದು ಹಾಡು ಕಟ್ಟಿದಳು. ರೆಕಾರ್ಡಿಂಗಿಗೆ ಹೊರಟು ನಸುಕಿನಲ್ಲಿ ಬಸ್ಸಿಗೆ ಕಾಯುವ ಹೆಂಗಸರ ಹಾಡು.

ಗರಗಸದವರಿಗೆ ಎರಡು ಪದ್ಧತಿಗಳಿದ್ದವು. ಅತಿಥಿ ಬಾಗಿಲು ತೆರೆದು ಒಳಗೆ ಬರುವ ಮೊದಲೇ ಮೈಕು ಹಾಕಿರಬೇಕು, ಅವರು ಹೋದ ಮೇಲೆಯೇ ಆರಿಸಬೇಕು. ಮತ್ತೆ, ಆಲ್ಬಮ್ಮಿಗೆ ಬಳಸದೆ ಉಳಿದದ್ದನ್ನು ಹಾಡುಗಳನ್ನು ಹೊಂದಿಸಿದ ದಿನವೇ ಅಳಿಸಿಬಿಡಬೇಕು, ಹಿಂದೆ ತಿರುಗಿ ನೋಡಬಾರದು. ಬೇರೆ ಅತಿಥಿಗಳಿಗೆಲ್ಲ ಇದನ್ನು ಹೇಳಿದ್ದರು. ದೊಡ್ಡಮ್ಮನಿಗೆ ಹೇಳಬೇಕಾದವನು ಪುಟ್ಟ. ಹೇಳಿದರೆ ಗಾಬರಿಯಾಗುತ್ತಾಳೆ ಎಂದು ಸುಮ್ಮನಾದ. ಸುಮ್ಮನಿರುವುದಕ್ಕೆ ನೆಪ ಹುಡುಕುವುದರಲ್ಲಿ ಅವನದು ಎತ್ತಿದ ಕೈ.

ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಬಿಸಿನೀರಿನ ಬಾಟಲಿಗೆ ಟವೆಲು ಸುತ್ತಿಕೊಂಡು ಬಂದಳು. ಗಾಜಿನ ಕೋಣೆಯಲ್ಲಿ ಕೂತು, ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡು ಕೆಮ್ಮಿದಳು, ನೀರು ಕುಡಿದಳು, ಮತ್ತೆ ಕೆಮ್ಮಿದಳು. ಆಮೇಲೆ ತನ್ನ ಗಂಟಲಿಗೇ ಹೇಳಿದಳು: “ಇವತ್ತೊಂದಿನ ಕೈ ಕೊಡ್ಬೇಡ ಕಣೇ. ನಮ್ಮ ಪುಟ್ಟನ ಮರ್ಯಾದೆ ತೆಗೀಬೇಡ.”

ಗಂಟಲು ಮಾತು ಕೇಳಿತು. ದನಿಗೆ ವಯಸ್ಸಾಗಿತ್ತು, ಆದರೆ ಒಂದು ಸ್ವರವೂ ಜಾಗ ಬಿಟ್ಟು ಕದಲಲಿಲ್ಲ. ಪುಟ್ಟನ ಕಣ್ಣು ತುಂಬಿತು. ಪಕ್ಕಕ್ಕೆ ತಿರುಗಿದರೆ ಬಡಿಗನ ತಂಗಿ ಉಗುರು ನೋಡಿಕೊಳ್ಳುತ್ತಿದ್ದಳು.

ಹಾಡುಗಳನ್ನು ಹೊಂದಿಸಲು ಕೂತ ದಿನ ಬಡಿಗನ ತಂಗಿಯೇ ಮಾತು ತೆಗೆದಳು. “ಹಾಡು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಇಂಪು ಜಾಸ್ತಿ ಆಯ್ತು. ಆ ಕೆಮ್ಮು, ಆ ಮಾತು ಇದೆಯಲ್ಲ, ಅದು ನಮ್ದು. ಅಷ್ಟೇ ಇಟ್ಕೊಳ್ಳೋಣ.”

“ಮಕ್ಕಳ ಕಾರ್ಯಕ್ರಮದ ಹಾಡಿದ್ದ ಹಾಗಿದೆ” ಎಂದು ಬಡಿಗ ನಕ್ಕ.

ಪುಟ್ಟ ಅಲ್ಲಿ ಒಂದು ಮಾತಾಡಬೇಕಿತ್ತು. ಆಡಲಿಲ್ಲ. ಸುಳ್ಳೇಕೆ, ಅವನಿಗೆ ದೊಡ್ಡಮ್ಮನ ಬಗ್ಗೆ ನಾಚಿಕೆಯಾಗಿತ್ತು. ಅವಳ ಟವೆಲು, ಅವಳ ಬಸ್ಸು, ಅವಳ ಇಂಪು, ಎಲ್ಲವೂ ಇವರ ಮುಂದೆ ತನ್ನ ಮೈಗೆ ಅಂಟಿಕೊಂಡ ಹಾಗೆ ಅನಿಸಿತ್ತು. “ಹೌದು, ಸ್ವಲ್ಪ ಹಳೇದಾಯ್ತು” ಎಂದ. ಹಾಗೆ ಅಂದದ್ದು ಸಾಲದು ಎಂಬಂತೆ, ತನಗೇನೂ ಮಮತೆಯಿಲ್ಲ ಎಂದು ತೋರಿಸಲು, ಹಾಡನ್ನು ತಾನೇ ಅಳಿಸಿದ.

ಹೊಸ ಆಲ್ಬಮ್ಮನ್ನು ಎಲ್ಲರಿಗೂ ಕೇಳಿಸುವುದಕ್ಕೆ ಒಂದು ಭಾನುವಾರ ಮಧ್ಯಾಹ್ನ ರೆಕಾರ್ಡು ಅಂಗಡಿಯಲ್ಲಿ ಕುರ್ಚಿ ಹಾಕಿದ್ದರು. ಹುಡುಗ ಹುಡುಗಿಯರು ಗೋಡೆಗೊರಗಿ ನಿಂತಿದ್ದರು. ದೊಡ್ಡಮ್ಮ ಕೋರಸ್ಸಿನ ಇಬ್ಬರು ಹಳೆಯ ಗೆಳತಿಯರನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಳು. ರೆಕಾರ್ಡಿನ ಕವರಿನ ಮೇಲಿದ್ದ ತನ್ನ ಹೆಸರನ್ನು ಬೆರಳಿಟ್ಟು ಅವರಿಗೆ ತೋರಿಸಿದಳು. ಹೇಳಿಬಿಡೋಣ ಎಂದು ಎರಡು ಸಲ ಎದ್ದ ಪುಟ್ಟ ಎರಡು ಸಲವೂ ಕೂತ.

ಅವಳ ಸರದಿ ಬಂತು. ಮೊದಲು ಕೆಮ್ಮು. ಅಂಗಡಿಯ ತುಂಬ ಕೆಮ್ಮು. ಅದರ ಮೇಲೆ ಗಿಟಾರು ಕಿರುಚಿತು, ಡ್ರಮ್ ಬಿತ್ತು. ಸದ್ದಿನ ನಡುವೆ ಅವಳದೇ ದನಿ, ‘ನಮ್ಮ ಪುಟ್ಟನ ಮರ್ಯಾದೆ ತೆಗೀಬೇಡ, ನಮ್ಮ ಪುಟ್ಟನ ಮರ್ಯಾದೆ ತೆಗೀಬೇಡ’ ಎಂದು ಸುತ್ತತೊಡಗಿತು. ಗೋಡೆಗೊರಗಿದವರು ನಕ್ಕರು, ಶಿಳ್ಳೆ ಹಾಕಿದರು. ದೊಡ್ಡಮ್ಮ ಈಗ ಶುರುವಾದೀತು ಎಂದು ಕತ್ತು ನೀಟಿ ಕಾಯುತ್ತಿದ್ದಳು. ಶುರುವಾಗದೆಯೇ ಮುಗಿಯಿತು. ಪುಟ್ಟ ಕುಗ್ಗಿ ಹಿಡಿಯಷ್ಟಾದ. ಭೂಮಿ ಬಾಯಿ ಬಿಡಬಾರದೇ ಅನಿಸಿತು; ಅದು ಕೇಳಿದಾಗಲೆಲ್ಲ ಬಿಡುವುದಿಲ್ಲ.

“ಹಾಡೆಲ್ಲೇ?” ಎಂದಳು ಒಬ್ಬ ಗೆಳತಿ.

ದೊಡ್ಡಮ್ಮ ಒಮ್ಮೆ ಪುಟ್ಟನ ಕಡೆ ನೋಡಿದಳು. ಆಮೇಲೆ ನಕ್ಕಳು. “ನಾನೇ ಸರಿಯಾಗಿ ಹಾಡ್ಲಿಲ್ಲ ಕಣೆ. ತೆಗೆದುಬಿಡು ಅಂತ ನಾನೇ ಹೇಳಿದ್ದೆ.”

“ಇಲ್ಲ” ಎಂದ ಪುಟ್ಟ. “ಚೆನ್ನಾಗಿ ಹಾಡಿದ್ಲು. ತುಂಬಾ ಚೆನ್ನಾಗಿ. ತೆಗೆದಿದ್ದು ನಾನು.”

ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯವಳು ಅವನ ಕೆನ್ನೆ ತಟ್ಟಿದಳು. “ಒಳ್ಳೆ ಹುಡುಗ. ದೊಡ್ಡಮ್ಮನ ಮರ್ಯಾದೆ ಬಿಟ್ಟುಕೊಡಲ್ಲ ನೋಡು.”

ಆ ಕೈ ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಬಸ್ಸಿಗೆ ಬಿಡುತ್ತೇನೆಂದು ಅವನು ಜೊತೆಗೆ ಹೊರಟ. ಗೆಳತಿಯರು ಮುಂದೆ ಹೋದ ಮೇಲೆ ದೊಡ್ಡಮ್ಮ ನಿಧಾನಿಸಿದಳು.

“ನಿಜವಾಗ್ಲೂ ಚೆನ್ನಾಗಿ ಹಾಡಿದ್ನೇನೋ?”

“ನಿಜವಾಗ್ಲೂ ದೊಡ್ಡಮ್ಮ.”

“ಹಾಗಾದ್ರೆ ಒಂದ್ಸಲ ಕೇಳಿಸು. ಬೇರೆ ಯಾರಿಗೂ ಬೇಡ, ನನಗೊಬ್ಬಳಿಗೆ. ನನ್ನ ದನಿ ಒಂದೇ ಕೇಳಿದ್ರೆ ಹೇಗಿರುತ್ತೆ ಅಂತ ನಾನು ಇದುವರೆಗೂ ಕೇಳಿಲ್ಲ.”

ಪುಟ್ಟ ರಸ್ತೆಯನ್ನೇ ನೋಡುತ್ತ ಹೇಳಿದ. “ಅಳಿಸಿಬಿಟ್ಟೆ ದೊಡ್ಡಮ್ಮ. ನಾನೇ.”

ಅವಳು ಬಯ್ಯಲಿಲ್ಲ. ಬಾಟಲಿಯ ಟವೆಲನ್ನು ಬಿಚ್ಚಿ ಮತ್ತೆ ಸುತ್ತಿದಳು.

“ಹಾಗಾದ್ರೆ ಚೆನ್ನಾಗಿರ್ಲಿಲ್ಲ ಬಿಡು” ಎಂದಳು. “ಚೆನ್ನಾಗಿದ್ದಿದ್ರೆ ನೀನು ಅಳಿಸ್ತಿದ್ಯಾ?”

ಬಸ್ಸು ಬಂತು. ಅವಳು ಗೆಳತಿಯರ ಹಿಂದೆ ಹತ್ತಿದಳು.