ಬ್ರೇಕಮ್ಮನ ಲಸಿಕೆ

ಗಂಡ ಕಾರು ಓಡಿಸುವಾಗ ಬ್ರೇಕಮ್ಮ ಪಕ್ಕದಲ್ಲಿ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸ ಅವಳದು. ಅಲ್ಲಿನ ಕಾರುಗಳಲ್ಲಿ ಕಲಿಸುವವರ ಕಾಲಡಿಯೂ ಒಂದು ಬ್ರೇಕಿರುತ್ತದೆ. ಅದನ್ನು ಆಗಾಗ ತುಳಿದೇ ಅವಳಿಗೆ ಆ ಹೆಸರು ಬಂದದ್ದು. ಮನೆಯ ಕಾರಿನಲ್ಲಿ ಅಂಥದ್ದಿಲ್ಲ ಎಂಬುದು ಅವಳ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಆ ಬೆಳಿಗ್ಗೆಯಂತೂ ಆಸ್ಪತ್ರೆ ತಲುಪುವಷ್ಟರಲ್ಲಿ ಕಾಲಡಿಯ ಮ್ಯಾಟು ಮುದುಡಿ ಮೂಲೆ ಸೇರಿತ್ತು. ಗಂಡ ಅದನ್ನು ನೋಡಿಯೂ ಏನೂ ಅನ್ನಲಿಲ್ಲ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಒಬ್ಬನೇ ನಿಂತಿರುವವನ ಬಾಯಲ್ಲಿ ಮಾತು ಎಲ್ಲಿಂದ ಬರಬೇಕು.

ಅವಳ ಚಡಪಡಿಕೆಗೆ ಕಾರಣವಿತ್ತು. ಎಡ ಸ್ತನವನ್ನು ಕ್ಯಾನ್ಸರಿಗೆ ಒಪ್ಪಿಸಿ, ಕೀಮೋ ಮುಗಿಸಿ, ಉದುರಿದ ಕೂದಲು ಮತ್ತೆ ಬಂದು ಮೂರನೆಯ ವರ್ಷ ನಡೆದಿತ್ತು. ಅವಳ ಅಕ್ಕನಿಗೂ ಇದೇ ಕಾಯಿಲೆ ಬಂದು, ವಾಸಿಯಾಗಿ, ಮನೆಯವರೆಲ್ಲ ಮರೆತೇಬಿಟ್ಟೆವು ಎನ್ನುವ ಹೊತ್ತಿಗೆ ಮರಳಿ ಬಂದು ಅಕ್ಕನನ್ನೇ ಕೊಂಡೊಯ್ದಿತ್ತು. ಈಗ ಆಸ್ಪತ್ರೆಯಲ್ಲಿ, ಹಾಗೆ ಮರಳಿ ಬರುವುದನ್ನು ತಡೆಯಬಹುದೇ ಎಂದು ನೋಡುವ ಲಸಿಕೆಯೊಂದರ ಪ್ರಯೋಗ ಶುರುವಾಗಿತ್ತು. ತಡೆದೇ ತಡೆಯುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಆದರೂ ಜನ್ಮವಿಡೀ ಬೇರೆಯವರ ಕಾರು ನಿಲ್ಲಿಸುತ್ತ ಬಂದವಳಿಗೆ, ತನ್ನ ಮೈಯೊಳಗೆ ಕದ್ದು ಓಡುತ್ತಿರಬಹುದಾದದ್ದಕ್ಕೂ ಒಂದು ಬ್ರೇಕು ಬೇಕಿತ್ತು. ಬದುಕಬೇಕು ಎಂಬ ಆಸೆ ಅವಳಿಗೆ ನಾಚಿಕೆಯಾಗುವಷ್ಟು ಇತ್ತು.

ಹೋದ ವಾರ ಅವಳೊಬ್ಬಳೇ ಬಂದಿದ್ದಳು. ಪ್ರಯೋಗದ ನರ್ಸು ಗುರುತಿನವಳೇ ಆಗಿದ್ದಳು. ಹಿಂದೊಮ್ಮೆ ಅವಳ ಬಳಿಯೇ ಡ್ರೈವಿಂಗ್ ಕಲಿತ ಹುಡುಗಿ. ರಿವರ್ಸ್ ತೆಗೆಯುವಾಗಲೆಲ್ಲ ಅದೇ ಕಂಬಕ್ಕೆ ಹೋಗಿ ಗುದ್ದುತ್ತಿದ್ದುದರಿಂದ ಸ್ಕೂಲಿನವರೆಲ್ಲ ಅವಳನ್ನು ಕಂಬ ಎಂದೇ ಕರೆಯುತ್ತಿದ್ದರು. ಆ ಕಂಬ ಈಗ ಬಿಳಿ ಕೋಟು ಹಾಕಿಕೊಂಡು ಎದುರು ಕೂತು, ಮುಟ್ಟು ನಿಂತಿದೆಯಾ ಮೇಡಂ ಎಂದು ಕೇಳಿದಳು. ಕೀಮೋದಲ್ಲೇ ನಿಂತಿತು, ಆ ಅಧ್ಯಾಯ ಮುಗಿಯಿತು ಎಂದು ಬ್ರೇಕಮ್ಮ ಕೈ ಕೊಡವಿದಳು. ಆದರೆ ಕೀಮೋ ನಿಲ್ಲಿಸಿದ್ದು ಲೆಕ್ಕಕ್ಕೆ ಬರುವುದಿಲ್ಲವಂತೆ. ನಿಮ್ಮ ವಯಸ್ಸಿನಲ್ಲಿ ಅದು ಬರೀ ಮಲಗಿರಬಹುದು, ಮತ್ತೆ ಏಳಬಹುದು ಎಂದು ರಕ್ತ ತೆಗೆದುಕೊಂಡಳು. ಎರಡೇ ದಿನಕ್ಕೆ ಫೋನು ಬಂತು. ಎದ್ದಿತ್ತು.

ನಲವತ್ತಾರನೆಯ ವಯಸ್ಸಿನಲ್ಲಿ ನೀವು ಇನ್ನೂ ಬಸುರಾಗಬಹುದು ಎಂದು ಹೇಳಿಸಿಕೊಂಡರೆ ಯಾರಿಗಾದರೂ ನಗು ಬರಬೇಕು. ಇವಳಿಗೆ ಬರಲಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಈ ಲಸಿಕೆ ಏನು ಮಾಡುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಮುಟ್ಟು ಪೂರ್ತಿ ನಿಂತಿರಬೇಕು, ಇಲ್ಲವೇ ಪ್ರಯೋಗ ಮುಗಿಯುವವರೆಗೂ ಬಸುರಾಗದಿರಲು ಒಂದು ಗಟ್ಟಿ ದಾರಿ ಹೇಳಬೇಕು. ಮನೆಯವರನ್ನೂ ಕರೆದುಕೊಂಡು ಬನ್ನಿ, ಅವರದ್ದೂ ಒಂದು ರುಜು ಬೇಕು ಎಂದಿದ್ದಳು ಕಂಬ. ಪ್ರಯೋಗದ ಈ ಗುಂಪಿಗೆ ಜನರನ್ನು ಸೇರಿಸಿಕೊಳ್ಳುವುದು ಇವತ್ತೇ ಕೊನೆ. ಗಂಡನಿಗೆ ಬ್ರೇಕಮ್ಮ ಹೇಳಿದ್ದು ರುಜುವಿನ ಮಾತು ಮಾತ್ರ. ಯಾವುದಕ್ಕೆ ಎಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

ಹೇಳುವುದಾದರೂ ಹೇಗೆ? ಆಪರೇಷನ್ ಆಗಿ ಮನೆಗೆ ಬಂದವಳು, ಓದಲು ಬೇರೆ ಊರಿಗೆ ಹೋದ ಮಗಳ ಕೋಣೆಗೆ ತನ್ನ ದಿಂಬು ಸಾಗಿಸಿದ್ದಳು. ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ, ಫ್ಯಾನು ಜೋರಾಗಿ ಬೇಕು, ನಿಮಗೆ ನೆಗಡಿಯಾಗುತ್ತದೆ ಎಂದು ಕಾರಣ ಕೊಟ್ಟಿದ್ದಳು. ಅವನು ಮರುಮಾತಾಡದೆ ತಮ್ಮ ಕೋಣೆಯ ಸ್ಟ್ಯಾಂಡ್ ಫ್ಯಾನು ಹೊತ್ತು ತಂದು ಅವಳ ಮಂಚದ ಪಕ್ಕ ಇಟ್ಟಿದ್ದ. ಸದ್ಯ ತಪ್ಪಿತು ಎಂದುಕೊಂಡನೇನೋ ಎಂದು ಅವಳು ಆ ರಾತ್ರಿ ಅತ್ತದ್ದು ಅವನಿಗೆ ಗೊತ್ತಿಲ್ಲ. ಅಂದಿನಿಂದ ಬಾಗಿಲ ಚಿಲಕ ಹಾಕದೆ ಅವಳು ಬಟ್ಟೆ ಬದಲಿಸಿದವಳಲ್ಲ.

ಆಸ್ಪತ್ರೆಯ ಆ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಮೇಜು, ಗೊರಗೊರ ಸದ್ದು ಮಾಡುವ ಪುಟ್ಟ ಫ್ರಿಜ್ಜು. ಲಸಿಕೆ ಅದರೊಳಗೇ ಇದೆ ಎಂದು ಗೊತ್ತಾದ ಮೇಲೆ ಬ್ರೇಕಮ್ಮ ಅತ್ತಲಿಂದ ಕಣ್ಣು ಕೀಳಲಿಲ್ಲ. ಮೂತ್ರದ ಪರೀಕ್ಷೆ ಮುಗಿಸಿ, ಬಸುರಿಲ್ಲ ಎಂದು ಗಂಭೀರವಾಗಿ ತಿಳಿಸಿದ ಕಂಬ, ಮುಂದಿನ ಪ್ರಶ್ನೆಗೆ ಬಂದಳು. ಕಾಪರ್ ಟಿ, ಗಂಡನ ಆಪರೇಷನ್, ಕಾಂಡೋಮ್ ಎಂದೆಲ್ಲ ಪಾಠ ಒಪ್ಪಿಸುವವಳಂತೆ ಹೇಳಿ, ಕೊನೆಗೆ ಇನ್ನೊಂದು ದಾರಿಯನ್ನೂ ಸೇರಿಸಿದಳು. ಗಂಡಹೆಂಡತಿ ಕೂಡದೆಯೇ ಇರುವುದು.

"ಆ ಕೊನೇದನ್ನೇ ಬರ್ಕೊ," ಎಂದಳು ಬ್ರೇಕಮ್ಮ, ಫ್ರಿಜ್ಜನ್ನೇ ನೋಡುತ್ತ.

"ಪ್ರಯೋಗಕ್ಕೋಸ್ಕರ ಇವತ್ತಿಂದ ಶುರು ಮಾಡ್ತೀವಿ ಅಂದ್ರೆ ನಡೆಯಲ್ಲ ಮೇಡಂ. ನೀವು ಮೊದಲಿಂದ ಹಾಗೇ ಇದ್ರೆ ಮಾತ್ರ. ಮುಂದೂ ಹಾಗೇ ಇರ್ತೀವಿ ಅಂತ ಇಬ್ರೂ ಹೇಳ್ಬೇಕು."

"ಹಾಗೇ ಇದೀವಿ. ಆಪರೇಷನ್ ಆದಾಗಿಂದ."

ಮನೆಯ ನಾಲ್ಕು ಗೋಡೆಗಳೊಳಗೆ ಒಮ್ಮೆಯೂ ಆಡದ ಮಾತನ್ನು ತನ್ನ ಶಿಷ್ಯೆಯ ಎದುರು ಆಡಿಬಿಟ್ಟು ಬ್ರೇಕಮ್ಮನಿಗೆ ಕಿವಿಯ ತುದಿಯವರೆಗೂ ಬಿಸಿಯಾಯಿತು. ಕಂಬ ತಲೆ ತಗ್ಗಿಸಿ ಬರೆಯತೊಡಗಿದಳು. ಗಂಡ ತನ್ನ ಉಗುರಿನ ಸಂದಿಯ ಗ್ರೀಸನ್ನು ಕೆರೆಯುತ್ತಿದ್ದ.

"ಅದನ್ನ ಬರೀಬೇಡಮ್ಮ," ಎಂದ.

ಪೆನ್ನು ನಿಂತಿತು.

"ಅವಳು ಹೇಳಿದ್ದು ನಿಜವೇ. ಆದ್ರೆ ಮುಂದೂ ಹಾಗೇ ಇರ್ತೀವಿ ಅನ್ನೋದಕ್ಕೆ ನಾನು ರುಜು ಹಾಕಲ್ಲ."

ಬ್ರೇಕಮ್ಮನ ಕಾಲು ಮೇಜಿನ ಕೆಳಗೆ ನೆಲವನ್ನು ಬಲವಾಗಿ ಒತ್ತಿತು. ಅವನು ನಿಲ್ಲಲಿಲ್ಲ. ಆಪರೇಷನ್ ತನಗೇ ಮಾಡಲಿ, ಇವಳಿಗೆ ಕತ್ತರಿಸಿದ್ದು ಸಾಕು ಎಂದ. ಅದು ಕೆಲಸ ಮಾಡಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಬರೀ ಕಾಂಡೋಮ್ ಸಾಕೋ ಇಲ್ಲವೋ ಡಾಕ್ಟರನ್ನೇ ಕೇಳಬೇಕು ಎಂದು ಕಂಬ ಎದ್ದು ಹೋದಳು. ಅವಳಿಗೂ ಅಲ್ಲಿಂದ ಪಾರಾಗುವುದು ಬೇಕಿತ್ತು.

ಬಾಗಿಲು ಮುಚ್ಚಿದ್ದೇ ತಡ, ಬ್ರೇಕಮ್ಮ ಕಾಲು ಸುಟ್ಟ ಬೆಕ್ಕಿನಂತೆ ಆ ಗೋಡೆಗೂ ಈ ಗೋಡೆಗೂ ತಿರುಗಿದಳು. ಎಂಥ ಗಂಡಸು ಇವನು. ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದು, ತೆಗೆಯಲು ಸಿಕ್ಕಿದ್ದು ಈ ಕೋಣೆಯೇ, ಈ ಗಳಿಗೆಯೇ.

"ಡಾಕ್ಟ್ರು ಆಗಲ್ಲ ಅಂದ್ರೆ? ನನ್ನ ಅವಕಾಶಕ್ಕೇ ಕಲ್ಲು ಹಾಕಿದ್ರಲ್ರೀ. ಅಕ್ಕನ ಹಾಗೆ ನಾನೂ ಹೋಗ್ಬೇಕಾ?"

ಅವನ ಮುಖ ಇಳಿದುಹೋಯಿತು. "ಬರೆದ್ಬಿಟ್ರೆ ಮುಗಿದೇಹೋಯ್ತು ಅನ್ನಿಸ್ತು ಕಣೇ," ಎಂದ. "ಡಾಕ್ಟ್ರು ಒಪ್ಪದಿದ್ರೆ ನೀನು ಹೇಳಿದ ಹಾಗೇ ಬರ್ಕೊಳ್ಲಿ. ರುಜು ಹಾಕ್ತೀನಿ. ನೀನಿದ್ರೆ ಸಾಕು."

ಬ್ರೇಕಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಳು. ಆಮೇಲೆ ಅದನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತಳು.

ಗಂಡನ ಆಪರೇಷನ್ ಫಲಿಸುವವರೆಗೆ ಕಾಂಡೋಮ್ ಸಾಕೆಂದು ಡಾಕ್ಟರು ಒಪ್ಪಿದರು. ಪ್ರತಿ ಸಲ ಬಂದಾಗಲೂ ಗರ್ಭದ ಪರೀಕ್ಷೆ ತಪ್ಪಬಾರದು ಎಂದಷ್ಟೇ ಹೇಳಿ ಕಳಿಸಿದ್ದರು. ಕಂಬ ಬಲತೋಳಿಗೆ ಸೂಜಿ ಚುಚ್ಚಿದಳು, ಕಂಬಕ್ಕೆ ಗುದ್ದುತ್ತಿದ್ದ ಹುಡುಗಿಯ ಕೈ ಇಷ್ಟು ಹಗುರವೇ ಎನ್ನಿಸುವಂತೆ. ಬ್ರೇಕಮ್ಮ ಕಣ್ಣು ಮುಚ್ಚಿಕೊಂಡು ಅಕ್ಕನನ್ನು ನೆನೆದಳು. ನಿನಗೂ ಇದು ಸಿಗಬೇಕಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ವಾಪಸು ಬರುವಾಗ ಅವನು ಮೆಡಿಕಲ್ ಶಾಪಿನ ಮುಂದೆ ಕಾರು ನಿಲ್ಲಿಸಿ ಇಳಿದ. ಒಳಗೆ ಗಿರಾಕಿಗಳಿದ್ದರು. ಅವನು ಕೌಂಟರಿನ ಬಳಿ ಹೋಗುವುದು, ಯಾರೋ ಬಂದರೆ ಸರಿದು ಸೋಪಿನ ಸಾಲು ನೋಡುವುದು, ಮತ್ತೆ ಹೋಗುವುದು, ಎಲ್ಲವೂ ಗಾಜಿನಾಚೆ ಕಾಣುತ್ತಿತ್ತು. ಕೊನೆಗೆ ಪೊಟ್ಟಣ ಹಿಡಿದು ಬಂದು ಸೀಟಿನಲ್ಲಿ ಕೂತು ಉಸಿರುಬಿಟ್ಟ. ಅವಳು ತೆರೆದು ನೋಡಿದರೆ ಮೇಲೊಂದು ಕೆಮ್ಮಿನ ಔಷಧಿಯ ಬಾಟಲಿ, ಕೆಳಗೆ ಕಾಂಡೋಮಿನ ಪೆಟ್ಟಿಗೆ. ನಾಚಿಕೆಯಾಯಿತು, ಮೊದಲು ಅದನ್ನು ಕೇಳಿ ಆಮೇಲೆ ಇದನ್ನು ಕೇಳಿದೆ ಎಂದ. ಅವಳಿಗೆ ಉಕ್ಕಿ ಬಂದ ನಗು ಅರ್ಧದಲ್ಲೇ ನಿಂತಿತು.

"ನೀವು ಅದನ್ನ ನೋಡೇ ಇಲ್ಲ. ಕತ್ತರಿಸಿದ ಜಾಗನ. ಚೆನ್ನಾಗಿಲ್ಲ ರೀ."

"ನೀನು ತೋರಿಸಿದ್ರೆ ತಾನೇ ನಾನು ನೋಡೋದು."

ಮನೆ ಬರುವವರೆಗೂ ಅವಳು ತೋಳಿನ ಸೂಜಿಯ ಜಾಗ ಒತ್ತಿಕೊಂಡೇ ಕೂತಿದ್ದಳು. ಒಳಗೆ ಬಂದವಳು ಬಟ್ಟೆ ಬದಲಿಸಲು ಮಗಳ ಕೋಣೆಗೆ ಹೋದಳು, ಚಿಲಕದ ಮೇಲೆ ಕೈಯಿಟ್ಟು ನಿಂತಳು, ಹಾಕಲಿಲ್ಲ. ಅವನು ಒಳಗೆ ಬಂದು ಬಗ್ಗಿ, ಫ್ಯಾನಿನ ವೈರನ್ನು ಕೈಗೆ ಸುತ್ತಿಕೊಂಡು, ಅದನ್ನು ಹೊತ್ತು ತಮ್ಮ ಕೋಣೆಯ ಕಡೆ ಹೊರಟ.

"ನಿಮಗೆ ನೆಗಡಿಯಾಗುತ್ತೆ," ಎಂದಳು ಬ್ರೇಕಮ್ಮ.

"ಆಗ್ಲಿ ಬಿಡು," ಎಂದ ಅವನು, ಹಿಂದಿರುಗಿ ನೋಡದೆ. "ಕೆಮ್ಮಿನ ಔಷಧಿ ತಂದಿದೀನಲ್ಲ."