ಬಲಗಡೆಯ ಹರಕು

ಎಸ್ತೆರಿನಾ ಕತ್ತರಿಯನ್ನು ಅಂಗಿಯ ಎಡಗಡೆಗೆ ಹಿಡಿದದ್ದೇ ತಡ, ರಿಕೂಲಾ ಹಿಂದಕ್ಕೆ ಸರಿದಳು.

"ಆ ಕಡೆ ಅಲ್ಲ. ಬಲಗಡೆ ಕತ್ತರಿಸಿ."

ಹೈಫಾದ ಯಹೂದಿ ಸ್ಮಶಾನದಲ್ಲಿ, ಶೋಕದ ಗುರುತಾಗಿ, ಸತ್ತವರ ಮನೆಯ ಹೆಂಗಸರ ಬಟ್ಟೆಗೆ ಕತ್ತರಿ ಹಾಕುವುದು ಎಸ್ತೆರಿನಾಳ ಕೆಲಸ. ಸತ್ತವರು ಹೆತ್ತವರಾದರೆ ಎಡಗಡೆ, ಎದೆಯ ಮೇಲೆ. ಆ ಹರಕನ್ನು ಮತ್ತೆಂದೂ ಸರಿಯಾಗಿ ಹೊಲಿಯುವಂತಿಲ್ಲ. ಒಡಹುಟ್ಟಿದವರಾದರೆ ಬಲಗಡೆ, ತಿಂಗಳು ಕಳೆದರೆ ಹೊಲಿದುಕೊಳ್ಳಬಹುದು. ದುಃಖದಲ್ಲಿ ಎಡಬಲ ಮರೆಯುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು.

"ಹೋಗಿರೋದು ನಿಮ್ಮಮ್ಮ ಕಣಮ್ಮ," ಎಂದಳು ಮೆತ್ತಗೆ.

"ಲೂನಾ ನನ್ನ ಅಕ್ಕ."

ಗ್ರೀಕರ ಊರು ಸಲೋನಿಕಾದಿಂದ ವಲಸೆ ಬಂದು, ಈಗ ಸುತ್ತ ನಿಂತಿದ್ದವರು ಮುಖ ಮುಖ ನೋಡಿಕೊಂಡರು. ದರ್ಜಿ ಲೂನಾ, ಅವಳ ಮಗಳು ರಿಕೂಲಾ: ಇದು ನಮ್ಮ ಬೀದಿಯ ಬೆಕ್ಕಿಗೂ ಗೊತ್ತಿದ್ದ ಸಂಗತಿ. ಮದುವೆಯಿಲ್ಲದೆ ಹೆತ್ತಳೆಂದು ಬೆನ್ನ ಹಿಂದೆ ಆಡಿಕೊಂಡವರೂ ಅಲ್ಲೇ ಇದ್ದರು. ಪಾಪ, ಅವರು ತಲೆ ತಗ್ಗಿಸಿದರು.

*

ಹೋದ ವಾರ ಆಸ್ಪತ್ರೆಯಲ್ಲಿ ಲೂನಾ ಬಾಯಿ ಬಿಟ್ಟಿದ್ದಳು.

ಜರ್ಮನರು ಸಲೋನಿಕಾದ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದ ಕಾಲ. ಅವರ ಮನೆಗೆ ಸಿಕ್ಕಿದ್ದು ಒಂದೇ ಸುಳ್ಳು ಗುರುತಿನ ಚೀಟಿ: ಒಬ್ಬ ಕ್ರೈಸ್ತ ತಾಯಿ, ಒಂದು ಮಗು. ಲೂನಾಳ ಅಮ್ಮ ಗ್ರೀಕ್ ಮಾತಾಡಿದರೆ, ಉಚ್ಚಾರದಿಂದಲೇ ಯಹೂದಿಯೆಂದು ಯಾರಿಗಾದರೂ ತಿಳಿಯುತ್ತಿತ್ತು. ಶಾಲೆಯಲ್ಲಿ ಅದನ್ನು ಕಲಿತವಳು ಲೂನಾ, ಅವಳಿಗೆ ಹತ್ತೊಂಬತ್ತು. ಅವಳ ಕೆಳಗೆ ಇಬ್ಬರು ಪುಟ್ಟವರು, ರಿಕೂಲಾ ಮತ್ತು ಇಸಾಕ್. ಯಾರನ್ನು ಒಯ್ಯುತ್ತೀಯೋ ನೀನೇ ಆರಿಸು, ನನ್ನ ಕೈಲಾಗದು ಎಂದು ಅಮ್ಮ ಗೋಡೆಗೆ ಮುಖ ಮಾಡಿ ನಿಂತಳಂತೆ. ಇಸಾಕನಿಗೆ ಎಲ್ಲ ಯಹೂದಿ ಗಂಡುಮಕ್ಕಳಂತೆ ಸುನ್ನತಿಯಾಗಿತ್ತು, ಯಾರಾದರೂ ಚಡ್ಡಿ ಇಳಿಸಿ ನೋಡಿದರೆ ಮುಗಿಯಿತು. ಲೂನಾ ರಿಕೂಲಾಳ ಕೈ ಹಿಡಿದಳು. ಅಥೆನ್ಸಿನ ರೈಲಿನಲ್ಲಿ ಮಗು "ಅಕ್ಕಾ" ಎಂದಾಗ ಕೆನ್ನೆಗೆ ಬಿಗಿದಳು. ಅಂದಿನಿಂದ ಅವಳು ಅಮ್ಮ. ಯುದ್ಧ ಮುಗಿಯುವ ಹೊತ್ತಿಗೆ ಆ ಮನೆಯವರು ಯಾರೂ ಉಳಿದಿರಲಿಲ್ಲ, ಮಗು ಎಲ್ಲವನ್ನೂ ಮರೆತಿತ್ತು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ರಿಕೂಲಾ ಕೇಳಿದಳು.

"ನೀನು ಅಮ್ಮಾ ಅಂತ ಕರೆದಾಗೆಲ್ಲ, ನಾಳೆ ಹೇಳೋಣ ಅನ್ಕೋತಿದ್ದೆ. ಆಸೆ ಬಿಡ್ಲಿಲ್ಲ."

ಈಗಲೂ ನೀನೇ ನನ್ನಮ್ಮ ಎಂದು ರಿಕೂಲಾ ಅತ್ತಳು.

"ಅಲ್ಲ ಕಣೇ. ಇಸಾಕನ ಜೊತೆ ಉಳ್ಕೊಂಡ್ಲಲ್ಲ, ಅವಳು ಅಮ್ಮ. ಅವನನ್ನ ಬಿಟ್ಟು ಬಂದೆನಲ್ಲ, ನಾನು ಅಕ್ಕ. ಅವಳಿಗೆ ಇನ್ನೂ ಯಾರೂ ಬಟ್ಟೆ ಹರ್ಕೊಂಡಿಲ್ಲ. ಎಡಗಡೆ ಅವಳದು, ನಂಗೆ ಬಲಗಡೆ ಸಾಕು. ತಿಂಗಳಾದ್ಮೇಲೆ ಮರೀದೆ ಹೊಲ್ಕೋ. ಹರಕು ಹಾಕ್ಕೊಂಡು ತಿರುಗಿದ್ರೆ ದರ್ಜಿ ಮಗಳು ಅಂತಾರಾ ಯಾರಾದ್ರೂ?"

ತಾನು ಮತ್ತೆ ಮಗಳು ಎಂದುಬಿಟ್ಟದ್ದು ಲೂನಾಗೆ ಗೊತ್ತಾಗಲೇ ಇಲ್ಲ. ರಿಕೂಲಾ ತಿದ್ದಲಿಲ್ಲ.

*

ಎಸ್ತೆರಿನಾ ಬಲಗಡೆಗೆ ಕತ್ತರಿ ಹಾಕಿದಳು. ಲೂನಾ ಹೊಲಿದ ಅಂಗಿ, ಜೋಡಿ ಹೊಲಿಗೆ. ಅಷ್ಟು ಸುಲಭಕ್ಕೆ ಹರಿಯುತ್ತದೆಯೇ? ಸತ್ತ ಮೇಲೂ ಹಟ ಬಿಡಲ್ಲ ಇವಳು ಎಂದು ಎಸ್ತೆರಿನಾ ಗೊಣಗಿದಾಗ ಅಳುತ್ತಿದ್ದವರೂ ನಕ್ಕರು.

"ಈಗ ಎಡಗಡೆ," ಎಂದಳು ರಿಕೂಲಾ.

"ಇದು ಯಾರಿಗಮ್ಮ?"

"ನಮ್ಮಮ್ಮನಿಗೆ. ಐವತ್ತು ವರ್ಷ ತಡವಾಯ್ತು."

ಅದು ಶಾಸ್ತ್ರದಲ್ಲಿದೆಯೋ ಇಲ್ಲವೋ, ಎಸ್ತೆರಿನಾ ಕೇಳಲು ಹೋಗಲಿಲ್ಲ. ಅಂಚಿಗೆ ಕತ್ತರಿ ತಾಗಿಸಿ ಬಿಟ್ಟಳು. ಉಳಿದದ್ದನ್ನು ರಿಕೂಲಾ ಎರಡೂ ಕೈಯಿಂದ ಎದೆಯವರೆಗೆ ತಾನೇ ಹರಿದುಕೊಂಡಳು.

ತಿಂಗಳು ಕಳೆದ ಮೇಲೆ ಅವಳು ಲೂನಾಳ ಹೊಲಿಗೆ ಡಬ್ಬಿ ತೆರೆದು, ಸೂಜಿಗೆ ದಾರ ಪೋಣಿಸಿ, ಬಲಗಡೆಯ ಹರಕಿಗೆ ಒಂದು ಹೊಲಿಗೆ ಹಾಕಿದಳು. ಎಂದೂ ಹೊಲಿಯಬಾರದ ಎಡಗಡೆಯ ಹರಕಿನ ಮೇಲೆ ಬೆರಳಾಡಿಸಿದಳು. ಆಮೇಲೆ, ಲೂನಾ ಮಾಡುತ್ತಿದ್ದಂತೆ ಹಲ್ಲಿನಿಂದ ದಾರ ಕಚ್ಚಿ, ಹಾಕಿದ ಹೊಲಿಗೆಯನ್ನು ಬಿಚ್ಚಿದಳು.